ಆಡಲು ಬೇಕು, ಕಲಿಸಲು ಬೇಡ

2023ರ ಫೆಬ್ರವರಿ 7ರಂದು ಲಾಸ್ ಏಂಜಲೀಸಿನ ಒಳಾಂಗಣದಲ್ಲಿ ಲೆಬ್ರಾನ್ ಜೇಮ್ಸ್ ಎಂಬ ಆಟಗಾರ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್‌ನ ಅತಿ ದೊಡ್ಡ ದಾಖಲೆಯನ್ನು ಮುರಿದಾಗ, ಪಂದ್ಯವನ್ನು ನಿಲ್ಲಿಸಿ ಓರ್ವ ವೃದ್ಧರನ್ನು ಅಂಗಣದ ನಡುವೆ ಕರೆತರಲಾಯಿತು. ಏಳಡಿ ಎರಡಂಗುಲ ಎತ್ತರದ ಆ ವೃದ್ಧರು ಚೆಂಡನ್ನು ಮೇಲಕ್ಕೆತ್ತಿ ಹಿಡಿದು, ಬಳಿಕ ಅದನ್ನು ಜೇಮ್ಸ್‌ರಿಗೆ ಹಸ್ತಾಂತರಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುರಿಯಲ್ಪಟ್ಟ ದಾಖಲೆ 38,387 ಅಂಕಗಳದ್ದು. 1984ರ ಏಪ್ರಿಲ್‌ನಿಂದ ಆ ಪಟ್ಟಿಯ ಅಗ್ರಸ್ಥಾನದಲ್ಲಿದ್ದ ಹೆಸರು ಕರೀಂ ಅಬ್ದುಲ್ ಜಬ್ಬಾರ್.

ಮರುದಿನದ ಪತ್ರಿಕೆಗಳು ಅಂಕಗಳನ್ನು ಎಣಿಸಿದವು. ಆದರೆ ಒಂದು ಪ್ರಶ್ನೆಯನ್ನು ಕೇಳುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಈ ಆಟವನ್ನು ಇಷ್ಟು ಚೆನ್ನಾಗಿ ಬಲ್ಲ ವ್ಯಕ್ತಿ, ಅದನ್ನು ಕಲಿಸಬೇಕೆಂದು ಬಯಸಿ ಬಾಗಿಲುಗಳನ್ನು ತಟ್ಟಿದ ವ್ಯಕ್ತಿ, ಎನ್‌ಬಿಎ ಲೀಗಿನ ಒಂದೇ ಒಂದು ತಂಡಕ್ಕೂ ಒಂದೇ ಒಂದು ದಿನವೂ ಮುಖ್ಯ ತರಬೇತುದಾರ ಆಗಲಿಲ್ಲವೇಕೆ? ಇಪ್ಪತ್ತು ವರ್ಷಗಳ ಕಾಲ ಅವರ ದೇಹವನ್ನು ದುಡಿಸಿಕೊಂಡ ವ್ಯವಸ್ಥೆಗೆ ಅವರ ಬುದ್ಧಿ ಬೇಡವಾದುದೇಕೆ? ಅವರ ತರಬೇತುದಾರಿಕೆಯ ಬದುಕನ್ನು ಕ್ರೀಡಾ ವಿಮರ್ಶಕರು ಒಂದು ಸಣ್ಣ ಅಡಿಟಿಪ್ಪಣಿಯಾಗಿ, ಕೆಲವೊಮ್ಮೆ ಒಂದು ವೈಫಲ್ಯವಾಗಿ ಬರೆದು ಮುಗಿಸುತ್ತಾರೆ. ಇದಕ್ಕೆ ನಮ್ಮ ಪ್ರಬಲ ಆಕ್ಷೇಪವಿದೆ. ಸೋತವರು ಅವರಲ್ಲ.

ಮೊದಲಿಗೆ ಅವರ ಅರ್ಹತೆಯನ್ನು ನೋಡೋಣ. 1947ರ ಏಪ್ರಿಲ್ 16ರಂದು ನ್ಯೂಯಾರ್ಕಿನಲ್ಲಿ ಫರ್ಡಿನೆಂಡ್ ಲೂಯಿಸ್ ಆಲ್ಸಿಂಡರ್ ಎಂಬ ಹೆಸರಿನಿಂದ ಹುಟ್ಟಿದ ಇವರು ಕ್ಯಾಥೊಲಿಕ್ ಕುಟುಂಬದ ಮಗ. ಹೈಸ್ಕೂಲಿನಲ್ಲಿ ಅವರ ತಂಡ ಸತತ 71 ಪಂದ್ಯಗಳನ್ನು ಗೆದ್ದಿತು. ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪರ ಆಡಿದ ಮೂರು ವರ್ಷಗಳಲ್ಲಿ 88 ಗೆಲುವು, ಎರಡೇ ಸೋಲು. 1967, 1968, 1969ರಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿಗಳು. ವೃತ್ತಿಪರ ಲೀಗಿನಲ್ಲಿ 1971ರಲ್ಲಿ ಮಿಲ್ವಾಕಿ ಬಕ್ಸ್‌ಗೆ ಒಂದು, 1980ರಿಂದ 1988ರ ನಡುವೆ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಐದು ಪ್ರಶಸ್ತಿಗಳು. ಅತ್ಯುತ್ತಮ ಆಟಗಾರನೆಂಬ ವಾರ್ಷಿಕ ಗೌರವ ಆರು ಬಾರಿ; ಇಂದಿಗೂ ಬೇರಾರಿಗೂ ಅಷ್ಟು ಬಾರಿ ದೊರೆತಿಲ್ಲ. 1989ರಲ್ಲಿ ನಿವೃತ್ತರಾದಾಗ ಅವರಿಗೆ 42 ವರ್ಷ.

ಎತ್ತರವಿದ್ದರೆ ಯಾರು ಬೇಕಾದರೂ ಇದನ್ನು ಮಾಡಬಹುದಿತ್ತು ಎಂದು ಹೇಳುವವರಿದ್ದಾರೆ. ಅಂಥವರು 'ಸ್ಕೈಹುಕ್' ಎಂಬ ಅವರ ಹೊಡೆತವನ್ನು ಗಮನಿಸಿಲ್ಲ. ಬುಟ್ಟಿಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ತಿರುಗಿ, ತಡೆಯುವವನಿಗೂ ಚೆಂಡಿಗೂ ನಡುವೆ ತನ್ನ ಇಡೀ ದೇಹವನ್ನು ಗೋಡೆಯಾಗಿ ನಿಲ್ಲಿಸಿ, ಒಂದೇ ಕಾಲಿನ ಮೇಲೆ ಎದ್ದು, ತೋಳನ್ನು ಪೂರ್ಣ ಚಾಚಿ, ಮಣಿಕಟ್ಟನ್ನು ಮಡಚಿ ಚೆಂಡನ್ನು ಅತ್ಯುನ್ನತ ಬಿಂದುವಿನಿಂದ ಇಳಿಬಿಡುವ ಆ ಕ್ರಮದಲ್ಲಿ ಬಲಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಬಾಲ್ಯದಲ್ಲಿ ಬುಟ್ಟಿಯ ಕೆಳಗೆ ನಿಂತು ಎಡಗಡೆಯಿಂದ ಎಡಗೈಯಲ್ಲಿ, ಬಲಗಡೆಯಿಂದ ಬಲಗೈಯಲ್ಲಿ ಪುನಃ ಪುನಃ ಹಾಕುವ ಸರಳ ಅಭ್ಯಾಸದಿಂದ ಅದು ಬೆಳೆದು ಬಂತು. 1967ರಲ್ಲಿ ಕಾಲೇಜು ಕ್ರೀಡಾ ಮಂಡಳಿಯು, ಚೆಂಡನ್ನು ಮೇಲಿನಿಂದ ಬುಟ್ಟಿಯೊಳಗೆ ತುರುಕುವ ಹೊಡೆತವನ್ನೇ ನಿಷೇಧಿಸಿತು. ಆ ನಿಯಮ ಯಾರನ್ನು ಗುರಿಯಾಗಿಸಿತ್ತೆಂಬುದನ್ನು ಎಲ್ಲರೂ ಬಲ್ಲರು. ಅದರ ಪರಿಣಾಮವಾಗಿ ಅವರ ಹುಕ್ ಇನ್ನಷ್ಟು ಹರಿತವಾಯಿತು. ಬಾಗಿಲು ಮುಚ್ಚಿದಾಗ ಗೋಡೆಯಲ್ಲಿ ಬಾಗಿಲು ಕೊರೆದ ಈ ಮನುಷ್ಯನಲ್ಲಿ ಹೊಸಬರಿಗೆ ಕಲಿಸಲು ಏನೂ ಇರಲಿಲ್ಲವೇ?

ಇನ್ನು ಅವರನ್ನು ರೂಪಿಸಿದ ಗುರುಗಳ ವಿಚಾರ. ಕಲಿಸುವುದೆಂದರೆ ಏನು ಮತ್ತು ಏನಲ್ಲ ಎಂಬುದನ್ನು ಅವರಷ್ಟು ಕಹಿಯಾಗಿಯೂ ಅವರಷ್ಟು ಸಿಹಿಯಾಗಿಯೂ ಅನುಭವಿಸಿದವರು ವಿರಳ. ಹೈಸ್ಕೂಲಿನ ಕೋಚ್ ಜ್ಯಾಕ್ ಡೊನಹ್ಯೂ ಅವರನ್ನು ತಂದೆಯ ಸ್ಥಾನದಲ್ಲಿಟ್ಟು ಗೌರವಿಸುತ್ತಿದ್ದ ಆ ಬಾಲಕ ಒಂದು ಪಂದ್ಯದ ಮೊದಲರ್ಧದಲ್ಲಿ ಮಂಕಾಗಿ ಆಡಿದ. ವಿರಾಮದಲ್ಲಿ ಕೋಚ್, ಕಪ್ಪು ವರ್ಣೀಯರನ್ನು ಹೀಗಳೆಯುವ ಆ ಹೀನ ಪದವನ್ನು ಎಲ್ಲರೆದುರು ಬಳಸಿ, ನೀನು ಅವರಂತೆಯೇ ವರ್ತಿಸುತ್ತಿರುವೆ ಎಂದರು. ತಂಡ ಗೆದ್ದಿತು. ತನ್ನ ತಂತ್ರ ಫಲಿಸಿತೆಂದು ಕೋಚ್ ಸಂಭ್ರಮಿಸಿದರು. ಬಾಲಕನ ಮನಸ್ಸಿನಲ್ಲಿ ಆ ಮಾತು ದಶಕಗಳ ಕಾಲ ಉಳಿಯಿತು.

ಯುಸಿಎಲ್‌ಎಯಲ್ಲಿ ದೊರೆತವರು ಜಾನ್ ವುಡನ್. ಅವರೂ ಆಟಗಾರರಾಗಿದ್ದು ತರಬೇತುದಾರರಾದವರೇ. ಮೂವತ್ತರ ದಶಕದಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ವೃತ್ತಿಪರ ತಂಡಕ್ಕೆ ಆಡಿದವರು. ಹೊಸ ಆಟಗಾರರಿಗೆ ಅವರ ಮೊದಲ ಪಾಠ ಕಾಲುಚೀಲವನ್ನು ಸುಕ್ಕಿಲ್ಲದಂತೆ ಧರಿಸಿ ಶೂ ಲಾಡಿ ಬಿಗಿಯುವುದು ಹೇಗೆಂಬುದು. ಸುಕ್ಕು ಬಿದ್ದರೆ ಕಾಲಿನಲ್ಲಿ ಬೊಬ್ಬೆ ಏಳುತ್ತದೆ. ಬೊಬ್ಬೆ ಎದ್ದವನು ಓಡಲಾರ. 1974-75ರ ಋತುವಿನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಅಭ್ಯಾಸ ತರಗತಿಗಳಲ್ಲಿ ಕುಳಿತು ಅವರ ಪ್ರತಿಯೊಂದು ಮಾತನ್ನೂ ವರ್ಗೀಕರಿಸಿದರು. ಸುಮಾರು ಮುಕ್ಕಾಲು ಪಾಲು ಮಾತು ಶುದ್ಧ ಮಾಹಿತಿಯಾಗಿತ್ತು: ಏನು ಮಾಡಬೇಕು, ಹೇಗೆ ಮಾಡಬೇಕು. ಹೊಗಳಿಕೆ ಶೇ. 7ರಷ್ಟು, ಗದರಿಕೆಯೂ ಅಷ್ಟೇ. ಹನ್ನೆರಡು ವರ್ಷಗಳಲ್ಲಿ ಹತ್ತು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ ಮನುಷ್ಯ ಆಕರ್ಷಕ ಭಾಷಣಕಾರನೋ ಬೆನ್ನು ತಟ್ಟುವ ಗೆಳೆಯನೋ ಆಗಿರದೆ ಮೂಲತಃ ಒಬ್ಬ ಮೇಷ್ಟರಾಗಿದ್ದ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ವಾದಕ್ಕೆ ಇದು ಮುಂದೆ ಬೇಕಾಗುತ್ತದೆ.

ಮೂರನೆಯ ಗುರು ಧಾರ್ಮಿಕರು. ಮಾಲ್ಕಂ ಎಕ್ಸ್ ಅವರ ಆತ್ಮಕಥೆಯನ್ನು ಕಾಲೇಜಿನ ಮೊದಲ ವರ್ಷದಲ್ಲಿ ಓದಿದ ಆಲ್ಸಿಂಡರ್ 1968ರಲ್ಲಿ ಇಸ್ಲಾಮ್ ಸ್ವೀಕರಿಸಿದರು. 1971ರಲ್ಲಿ, ಮಿಲ್ವಾಕಿ ಪ್ರಶಸ್ತಿ ಗೆದ್ದ ಮರುದಿನ, ಹೊಸ ಹೆಸರನ್ನು ಕಾನೂನುಬದ್ಧಗೊಳಿಸಿದರು. ಹಮಾಸ್ ಅಬ್ದುಲ್ ಖಾಲಿಸ್ ಎಂಬವರು ಅವರಿಗೆ ಧರ್ಮವನ್ನು ಬೋಧಿಸಿದರು. ಆದರೆ ಯಾರನ್ನು ವಿವಾಹವಾಗಬೇಕೆಂಬುದನ್ನೂ ಆ ಗುರುವೇ ತೀರ್ಮಾನಿಸುವ ಹಂತಕ್ಕೆ ವಿಷಯ ಹೋಯಿತು. ಕರೀಂ ಅದನ್ನು ಸುಮ್ಮನೆ ಸಹಿಸುತ್ತಾ ಕೂರಲಿಲ್ಲ. 1973ರಲ್ಲಿ ಲಿಬಿಯಾ ಮತ್ತು ಸೌದಿ ಅರೇಬಿಯಾಕ್ಕೆ ತೆರಳಿ, ಕುರ್‌ಆನನ್ನು ಸ್ವತಃ ಅರಿಯಲು ಬೇಕಾದಷ್ಟು ಅರಬಿ ಕಲಿಯಲು ಶ್ರಮಿಸಿದರು. ಪರರ ವ್ಯಾಖ್ಯಾನವನ್ನು ಕಣ್ಣುಮುಚ್ಚಿ ಒಪ್ಪುವ ಬದಲು ಮೂಲಕ್ಕೇ ಹೋಗುವ ಈ ಪ್ರವೃತ್ತಿ ಅವರ ಆಟದಲ್ಲಿಯೂ ಇತ್ತು, ಬರಹದಲ್ಲಿಯೂ ಇದೆ. ನಮ್ಮ ಸಭೆಗಳಲ್ಲಿ ಕರೀಂ ಅವರ ಮತಾಂತರವನ್ನು ಅಭಿಮಾನದಿಂದ ಬಣ್ಣಿಸುವವರು ಈ ಭಾಗವನ್ನು ಮಾತ್ರ ಜಾಣ್ಮೆಯಿಂದ ದಾಟಿ ಹೋಗುತ್ತಾರೆ ಎಂಬುದು ಬೇರೆ ಮಾತು.

ಇಷ್ಟೆಲ್ಲ ಅನುಭವವಿದ್ದ ವ್ಯಕ್ತಿ ಕೋಚ್ ಆಗಲು ಬಯಸಿದಾಗ ಏನಾಯಿತು? ಅವರ ಸಮಕಾಲೀನರಿಗೆ ಏನಾಯಿತೆಂದು ನೋಡಿದರೆ ಅದು ಅರ್ಥವಾಗುತ್ತದೆ. ಲೇಕರ್ಸ್‌ನಲ್ಲಿ ಅವರ ಜೊತೆಗಾರರಾಗಿದ್ದ ಮ್ಯಾಜಿಕ್ ಜಾನ್ಸನ್ 1994ರಲ್ಲಿ, ತರಬೇತಿಯ ಯಾವ ಅನುಭವವೂ ಇಲ್ಲದೆ, ಅದೇ ತಂಡದ ಮುಖ್ಯ ತರಬೇತುದಾರರಾದರು. 16 ಪಂದ್ಯಗಳಲ್ಲಿ 11 ಸೋತು ಕೈಬಿಟ್ಟರು. ಬೋಸ್ಟನ್ನಿನ ಲ್ಯಾರಿ ಬರ್ಡ್ 1997ರಲ್ಲಿ, ಅವರೂ ತರಬೇತುದಾರಿಕೆಯ ಅನುಭವವಿಲ್ಲದೆಯೇ, ಇಂಡಿಯಾನಾ ತಂಡದ ಹೊಣೆ ಪಡೆದು 2000ದಲ್ಲಿ ತಂಡವನ್ನು ಅಂತಿಮ ಸರಣಿಗೆ ಒಯ್ದರು. ಅನುಭವವಿಲ್ಲ ಎಂಬ ನೆಪವು ಕರೀಂ ಅವರಿಗೆ ಮಾತ್ರ ಏಕೆ ಅನ್ವಯಿಸಿತು?

ಇಲ್ಲಿ ನಾವು ಎಚ್ಚರದಿಂದ ಮಾತನಾಡಬೇಕು. ಕಪ್ಪು ವರ್ಣೀಯರೆಂಬ ಒಂದೇ ಕಾರಣಕ್ಕೆ ಅವರನ್ನು ದೂರವಿಟ್ಟರೆಂದು ಹೇಳಲಾಗದು. ಮ್ಯಾಜಿಕ್ ಜಾನ್ಸನ್ ಕಪ್ಪು ವರ್ಣೀಯರು. 1966ರಲ್ಲಿಯೇ ಬಿಲ್ ರಸೆಲ್ ಬೋಸ್ಟನ್ ತಂಡದ ಆಟಗಾರ-ಕೋಚ್ ಆಗಿ ಆ ಗೋಡೆಯನ್ನು ಒಡೆದಿದ್ದರು ಮತ್ತು 1968, 1969ರಲ್ಲಿ ಪ್ರಶಸ್ತಿಯನ್ನೂ ಗೆದ್ದಿದ್ದರು. ಮುಸ್ಲಿಮರೆಂಬ ಕಾರಣಕ್ಕೆ ಎಂದು ಹೇಳಲೂ ನಮ್ಮ ಬಳಿ ಪುರಾವೆಯಿಲ್ಲ. ಪುರಾವೆಯಿಲ್ಲದ ಆರೋಪವನ್ನು ಸಾರಿ ಹೇಳಿ ಸಮಾಧಾನ ಪಡುವ ಚಟ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ.

ಲೀಗಿನ ವಲಯಗಳು ಕೊಡುತ್ತಿದ್ದ ಕಾರಣವೇ ಬೇರೆ: ಕರೀಂ ಬೆರೆಯುವವರಲ್ಲ, ಪತ್ರಕರ್ತರೊಡನೆ ಮುಖ ಗಂಟಿಕ್ಕುತ್ತಾರೆ, ಹಸ್ತಾಕ್ಷರ ಕೇಳಿದವರನ್ನು ಕಡೆಗಣಿಸುತ್ತಾರೆ. ಇದು ಸುಳ್ಳಲ್ಲ. 2013ರಲ್ಲಿ ಬರೆದ ಲೇಖನವೊಂದರಲ್ಲಿ, ಯೌವನದಲ್ಲಿ ತಾನು ಜನರೊಡನೆ ಇನ್ನಷ್ಟು ತೆರೆದುಕೊಳ್ಳಬೇಕಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಆದರೆ ಆ ಮೌನ ಎಲ್ಲಿಂದ ಬಂತು? ಹದಿಹರೆಯದಲ್ಲಿ ತಂದೆಯಂಥ ಗುರುವಿನಿಂದ ಜನಾಂಗ ನಿಂದನೆ ಕೇಳಿದವನು ಯಾರ ಮುಂದೆ ಹೃದಯ ಬಿಚ್ಚಬೇಕಿತ್ತು? 1967ರ ಜೂನ್‌ನಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಹೋಗಲು ನಿರಾಕರಿಸಿದ ಮುಹಮ್ಮದ್ ಅಲಿಯವರ ಬೆಂಬಲಕ್ಕಾಗಿ ಕ್ಲೀವ್‌ಲ್ಯಾಂಡಿನಲ್ಲಿ ಸೇರಿದ ಕ್ರೀಡಾಪಟುಗಳಲ್ಲಿ ಇಪ್ಪತ್ತರ ಹರೆಯದ ಇವರೂ ಇದ್ದರು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ಗೆ ಅವರು ಹೋಗಲಿಲ್ಲ. ಆ ಬೇಸಿಗೆಯನ್ನು ನ್ಯೂಯಾರ್ಕಿನ ಬಡ ಮಕ್ಕಳೊಡನೆ ಕಳೆದರು. ಈ ಬಗ್ಗೆ ಟಿವಿ ಸಂದರ್ಶನದಲ್ಲಿ ಕೇಳಿದಾಗ, ತಾನು ಇಲ್ಲಿ ವಾಸಿಸುತ್ತಿದ್ದರೂ ಇದು ನಿಜಾರ್ಥದಲ್ಲಿ ತನ್ನ ದೇಶವಾಗಿಲ್ಲ ಎಂದರು. ಹಾಗಾದರೆ ದೇಶ ಬಿಟ್ಟು ಹೋಗುವುದೇ ಪರಿಹಾರ ಎಂಬರ್ಥದ ಉತ್ತರ ನಿರೂಪಕರಿಂದ ಬಂತು. ಈ ಉತ್ತರವನ್ನು ನಮ್ಮ ಓದುಗರಿಗೆ ವಿವರಿಸಿ ಹೇಳುವ ಅಗತ್ಯವಿಲ್ಲ.

ನೋಯಿಸಿದ ಮೇಲೆ ನಗು ಎಂದು ಆಜ್ಞಾಪಿಸುವುದು, ನಗದಿದ್ದರೆ ಹುದ್ದೆ ಕೊಡದಿರುವುದು - ಇದನ್ನು ಅರ್ಹತೆಯ ಪರೀಕ್ಷೆ ಎನ್ನುತ್ತಾರೆಯೇ? ಮ್ಯಾಜಿಕ್ ಜಾನ್ಸನ್‌ರ ನಗು ಜಗತ್ಪ್ರಸಿದ್ಧ. ಅದಕ್ಕೆ ಅನುಭವದ ಕೊರತೆ ಅಡ್ಡಿಯಾಗಲಿಲ್ಲ. ಕರೀಂ ಅವರ ಗಾಂಭೀರ್ಯಕ್ಕೆ ಇಪ್ಪತ್ತು ವರ್ಷಗಳ ವಿದ್ಯೆಯೂ ಸಾಕಾಗಲಿಲ್ಲ. ವುಡನ್ ಅವರ ಅಭ್ಯಾಸ ತರಗತಿಯ ಆ ಲೆಕ್ಕವನ್ನು ಇಲ್ಲಿ ಸ್ಮರಿಸಿಕೊಳ್ಳಿ. ಕಲಿಸುವಿಕೆಯಲ್ಲಿ ಮುಕ್ಕಾಲು ಪಾಲು ವಿದ್ಯೆಯೇ ಆಗಿರುವಾಗ, ಪತ್ರಿಕಾಗೋಷ್ಠಿಯ ಮುಗುಳ್ನಗೆಯನ್ನು ಅಳೆಯುವ ಮಾಲಕರು ಅಳೆಯುತ್ತಿದ್ದುದು ಏನನ್ನು?

ಅಂತೂ ಐವತ್ತೊಂದರ ಹರೆಯದಲ್ಲಿ ಕರೀಂ ಅವರಿಗೆ ದೊರೆತ ಮೊದಲ ಶಿಷ್ಯರು ಯಾರು? 1998ರಲ್ಲಿ ಅರಿಜೋನಾ ರಾಜ್ಯದ ವೈಟ್‌ರಿವರ್ ಎಂಬ ಊರಿನ ಆಲ್ಚೆಸೇ ಹೈಸ್ಕೂಲಿನ ಹುಡುಗರು. ಇದು ಫೋರ್ಟ್ ಅಪಾಚೆ ಮೀಸಲು ಪ್ರದೇಶ. ಬಿಳಿಯರ ಸೇನೆಯು ಮೂಲನಿವಾಸಿ ಅಪಾಚೆಗಳನ್ನು ಹತೋಟಿಯಲ್ಲಿಡಲು ಕೋಟೆ ಕಟ್ಟಿದ ನೆಲ. ಆ ಸೇನೆಯಲ್ಲಿ ಕಪ್ಪು ವರ್ಣೀಯ ಸೈನಿಕರ ದಳಗಳೂ ಇದ್ದವು. ತನ್ನ ಜನಾಂಗದ ಆ ಇತಿಹಾಸವನ್ನು ಅರಸುತ್ತಾ ಆ ಕಡೆ ಬಂದಿದ್ದ ಕರೀಂ, ಒಂದು ಡಾಲರ್‌ನ ಸಾಂಕೇತಿಕ ವೇತನಕ್ಕೆ ಶಾಲಾ ತಂಡದ ಸಹಾಯಕ ಕೋಚ್ ಆದರು. ದಮನಿತರೇ ಇತರ ದಮನಿತರ ಮೇಲೆ ಬಂದೂಕು ಹಿಡಿದು ನಿಂತಿದ್ದ ಸ್ಥಳಕ್ಕೆ ಒಂದು ಶತಮಾನದ ಬಳಿಕ ಅದೇ ಜನಾಂಗದ ಒಬ್ಬರು ಚೆಂಡು ಹಿಡಿದು ಬಂದರು. ಅಂಕಪಟ್ಟಿಗಳ ಭಾಷೆಯಲ್ಲಿ ಇದಕ್ಕೆ ಬೆಲೆಯಿಲ್ಲ. ನಮ್ಮ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಘನವಾದ ಅಧ್ಯಾಯಗಳಲ್ಲಿ ಇದೊಂದು.

ಅಲ್ಲಿ ಅವರು ಕಲಿಸಿದಷ್ಟೇ ಕಲಿತರು. ಹುಡುಗರು ಗಿಡ್ಡರು, ಆದರೆ ವೇಗಿಗಳು; ಓಡುವುದು ಅವರಿಗೆ ಉಸಿರಾಟದಷ್ಟು ಸಹಜ. ನಿಂತು, ಯೋಚಿಸಿ, ಸ್ಥಾನ ಹಿಡಿದು ಆಡುವುದು ಮಾತ್ರ ಅಭ್ಯಾಸವಿರಲಿಲ್ಲ. ನ್ಯೂಯಾರ್ಕಿನ ರೀತಿಯಲ್ಲಿ ಎಲ್ಲರೆದುರು ಗಟ್ಟಿ ದನಿಯಲ್ಲಿ ತಿದ್ದಿದರೆ ಆ ಮಕ್ಕಳು ಒಳಗೊಳಗೇ ಮುದುಡಿಕೊಳ್ಳುತ್ತಿದ್ದರು. ಹಿರಿಯರ ಕಣ್ಣಿಗೆ ಕಣ್ಣಿಟ್ಟು ನೋಡದಿರುವುದು ಅವರ ಸಂಸ್ಕೃತಿಯಲ್ಲಿ ಮರ್ಯಾದೆ. ಹೊರಗಿನವನಿಗೆ ಅದು ಅಲಕ್ಷ್ಯದಂತೆ ಕಾಣಿಸುತ್ತದೆ. ಯಾರ ಮೌನವನ್ನು ಲೀಗಿನ ಮಾಲಕರು ಅಹಂಕಾರವೆಂದು ಓದಿದರೋ, ಅವರು ಇಲ್ಲಿ ಇತರರ ಮೌನವನ್ನು ಸರಿಯಾಗಿ ಓದಲು ಕಲಿತರು. ಈ ಅನುಭವವನ್ನು ಅವರು 2000ದಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಆ ಬಳಿಕದ ದಾರಿ ಚಿಕ್ಕದು. 2000ದಲ್ಲಿ ಲೀಗಿನ ಅತ್ಯಂತ ದುರ್ಬಲ ತಂಡವಾಗಿದ್ದ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಸಹಾಯಕ ಕೋಚ್. ಆ ಋತುವಿನಲ್ಲಿ ಆ ತಂಡ 82 ಪಂದ್ಯಗಳಲ್ಲಿ ಗೆದ್ದದ್ದು 15. 2002ರಲ್ಲಿ ಒಕ್ಲಹೋಮಾದ ಈನಿಡ್ ಎಂಬ ಸಣ್ಣ ಪಟ್ಟಣದ 'ಒಕ್ಲಹೋಮಾ ಸ್ಟಾರ್ಮ್' ತಂಡ ಅವರನ್ನು ಮುಖ್ಯ ತರಬೇತುದಾರರನ್ನಾಗಿ ಕರೆಯಿತು. ಕಿರಿಯ ದರ್ಜೆಯ ಯುಎಸ್‌ಬಿಎಲ್ ಲೀಗಿನ ತಂಡವದು. ಬಸ್ಸಿನ ಪ್ರಯಾಣ, ಅಗ್ಗದ ಹೋಟೆಲು, ದೊಡ್ಡ ಲೀಗಿನ ಕನಸು ಹೊತ್ತ ಅನಾಮಧೇಯ ಆಟಗಾರರು - ಕಿರಿಯ ಲೀಗುಗಳ ಬದುಕೇ ಅಂಥದ್ದು. ಆ ಮೊದಲ ಋತುವಿನಲ್ಲಿಯೇ ಕರೀಂ ಅವರ ತಂಡ ಚಾಂಪಿಯನ್ ಆಯಿತು.

ಮರುವರ್ಷ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರ ಹುದ್ದೆಯನ್ನು ಬಯಸಿದರು. ಅವರು ಹುಟ್ಟಿದ ಹಾರ್ಲೆಮ್‌ಗೆ ತಾಗಿಕೊಂಡಿರುವ ವಿದ್ಯಾಲಯವದು. ಅದರ ತಂಡ ಆ ಋತುವಿನಲ್ಲಿ ತನ್ನ ಲೀಗಿನ ಹದಿನಾಲ್ಕೂ ಪಂದ್ಯಗಳಲ್ಲಿ ಸೋತಿತ್ತು. ಹುದ್ದೆ ಅವರಿಗೆ ದೊರೆಯಲಿಲ್ಲ. ಅಬ್ದುಲ್ ಜಬ್ಬಾರ್ ಬಂದಿದ್ದರೆ ಆ ತಂಡ ಇನ್ನೂ ಎಷ್ಟು ಕೆಳಗೆ ಇಳಿಯಲು ಸಾಧ್ಯವಿತ್ತು?

2005ರಲ್ಲಿ ಲೇಕರ್ಸ್ ಅವರನ್ನು ಕರೆಯಿತು, 'ವಿಶೇಷ ಸಹಾಯಕ' ಎಂಬ ಹೆಸರಿನಲ್ಲಿ. ಪದವಿಯ ಹೆಸರಿನಲ್ಲಿ ವಿಶೇಷವಿರುವಷ್ಟು ಅಧಿಕಾರವಿರಲಿಲ್ಲ. ಕೆಲಸವೇನೆಂದರೆ ಹೈಸ್ಕೂಲಿನಿಂದ ನೇರವಾಗಿ ಬಂದಿದ್ದ ಆಂಡ್ರ್ಯೂ ಬೈನಮ್ ಎಂಬ ಹದಿನೇಳರ ಹುಡುಗನನ್ನು ಪಳಗಿಸುವುದು. ಹುಡುಗನ ಅಂಕಗಳ ಸರಾಸರಿ ಮೊದಲ ಋತುವಿನಲ್ಲಿ 1.6, ಎರಡನೆಯದರಲ್ಲಿ 7.8, ಮೂರನೆಯದರಲ್ಲಿ, ಮೊಣಕಾಲಿನ ಗಾಯ ತಡೆಯುವ ತನಕದ 35 ಪಂದ್ಯಗಳಲ್ಲಿ, 13.1. ಎಲ್ಲ ಶ್ರೇಯವೂ ಗುರುವಿನದೆಂದು ನಾವು ಹೇಳುವುದಿಲ್ಲ. ಹುಡುಗ ಬೆಳೆಯುವ ವಯಸ್ಸಿನಲ್ಲಿದ್ದ. ಆದರೆ ಈ ಅಂಕಿಗಳನ್ನು ಕಂಡ ಮೇಲೂ ಕರೀಂ ಅವರಿಗೆ ಕಲಿಸಲು ಬಾರದೆಂದು ಹೇಳುವವರು ತಮ್ಮ ಅಳತೆಗೋಲನ್ನು ತೋರಿಸಲಿ.

ಅದೇ ವರ್ಷ ಅದೇ ತಂಡ ಇನ್ನೊಬ್ಬರನ್ನೂ ಸಹಾಯಕರಾಗಿ ಕರೆಯಿತು: ಕ್ರೆಗ್ ಹಾಜಸ್. ಶಿಕಾಗೋ ಬುಲ್ಸ್‌ನ ಪ್ರಸಿದ್ಧ ಗುರಿಕಾರರಾಗಿದ್ದ ಇವರು 1991ರಲ್ಲಿ ಶ್ವೇತಭವನದ ಸತ್ಕಾರಕ್ಕೆ ಆಫ್ರಿಕನ್ ಉಡುಪು ಧರಿಸಿ ಹೋಗಿ, ಕಪ್ಪು ವರ್ಣೀಯರ ಸ್ಥಿತಿಗತಿಯ ಕುರಿತ ಪತ್ರವನ್ನು ಅಧ್ಯಕ್ಷ ಬುಷ್‌ರಿಗೆ ತಲುಪಿಸಿದ್ದರು. ಮರುವರ್ಷ ತಂಡ ಅವರನ್ನು ಕೈಬಿಟ್ಟಿತು. ಮತ್ತೆ ಯಾವ ತಂಡವೂ ಆಡಲು ಕರೆಯಲಿಲ್ಲ. ಮಾತನಾಡಿದ ಇಬ್ಬರನ್ನು ಒಂದೇ ತಂಡದ ಹಿಂದಿನ ಬೆಂಚಿನಲ್ಲಿ ಕೂರಿಸಿದ ಮುಖ್ಯ ತರಬೇತುದಾರ ಫಿಲ್ ಜಾಕ್ಸನ್‌ರ ಸೌಜನ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ಉಳಿದ ತಂಡಗಳೆಲ್ಲ ಎಲ್ಲಿದ್ದವು?

ನಮ್ಮ ಸಮುದಾಯಕ್ಕೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. ಮುಹಮ್ಮದ್ ಅಲಿಯವರ ಮುಷ್ಟಿ, ಕರೀಂ ಅವರ ಎತ್ತರ ನಮ್ಮ ಕ್ಯಾಲೆಂಡರ್‌ಗಳನ್ನು ಅಲಂಕರಿಸಿವೆ. ಖ್ಯಾತರ ಕಲಿಮಾವನ್ನು ನಾವು ಎಣಿಸುತ್ತೇವೆ. ಆ ಬಳಿಕ ಅವರು ಐವತ್ತು ವರ್ಷ ಏನು ಮಾಡಿದರೆಂದು ಕೇಳುವುದಿಲ್ಲ. ನಮ್ಮ ಶಾಲೆಗಳಲ್ಲಿ ಆಟದ ಮೇಷ್ಟರೆಂದರೆ ಗಣಿತದ ಮೇಷ್ಟರು ರಜೆ ಹಾಕಿದಾಗ ತರಗತಿ ಕಾಯುವವರು. ಪಾಲಕರ ಸಭೆಯಲ್ಲಿ ಅವರನ್ನು ಮಾತನಾಡಿಸುವವರೇ ಇಲ್ಲ. ಗೆದ್ದವನ ಫೋಟೋ ಬೇಕು, ಅವನಿಗೆ ಲಾಡಿ ಕಟ್ಟಲು ಕಲಿಸಿದವನ ಹೆಸರು ಬೇಡ ಎಂಬ ನಿಲುವಿಗೂ ಆ ಅಮೆರಿಕನ್ ಮಾಲಕರ ನಿಲುವಿಗೂ ಎಷ್ಟು ದೂರ?

ಕರೀಂ ಮಾತ್ರ ತಮ್ಮ ಗುರುವನ್ನು ಮರೆಯಲಿಲ್ಲ. 2010ರ ಜೂನ್‌ನಲ್ಲಿ, ನೂರಕ್ಕೆ ಕೆಲವೇ ತಿಂಗಳು ಬಾಕಿಯಿರುವಾಗ ವುಡನ್ ನಿಧನರಾದರು. ಮಧ್ಯ ಅಮೆರಿಕದ ಆ ಬಿಳಿಯ ಕ್ರೈಸ್ತ ಮೇಷ್ಟರ ಮತ್ತು ಹಾರ್ಲೆಮ್‌ನ ಈ ಮುಸ್ಲಿಮ್ ಶಿಷ್ಯನ ಅರ್ಧ ಶತಮಾನದ ಒಡನಾಟದ ಬಗ್ಗೆ 2017ರಲ್ಲಿ ಕರೀಂ ಒಂದು ಪೂರ್ಣ ಪುಸ್ತಕವನ್ನೇ ಬರೆದರು. ಅಷ್ಟರಲ್ಲಿ ರಕ್ತದ ಕ್ಯಾನ್ಸರ್ ಅವರನ್ನು ಬಾಧಿಸಿತ್ತು. 2008ರ ಕೊನೆಯಲ್ಲಿ ಪತ್ತೆಯಾದ ಆ ರೋಗವನ್ನು ಅವರು ಮರುವರ್ಷ ಬಹಿರಂಗಪಡಿಸಿದ್ದರು. 2016ರಲ್ಲಿ ಅಧ್ಯಕ್ಷ ಒಬಾಮ ದೇಶದ ಅತ್ಯುನ್ನತ ನಾಗರಿಕ ಗೌರವವನ್ನು ಅವರ ಕೊರಳಿಗೆ ಹಾಕಿದರು. ದೇಶ ಬಿಟ್ಟು ಹೋಗೆಂಬ ಸಲಹೆ ಕೇಳಿ ಆಗ 48 ವರ್ಷಗಳಾಗಿದ್ದವು. 2021ರಲ್ಲಿ ಎನ್‌ಬಿಎ ಲೀಗು ಸಾಮಾಜಿಕ ನ್ಯಾಯಕ್ಕಾಗಿ ದುಡಿಯುವ ಆಟಗಾರರಿಗೆ ನೀಡುವ ಪ್ರಶಸ್ತಿಗೆ ಅವರ ಹೆಸರನ್ನಿಟ್ಟಿತು. ಹುದ್ದೆ ಕೊಡದವರು ಹೆಸರನ್ನು ಎರವಲು ಪಡೆದರು.

ಇನ್ನು ತರಬೇತುದಾರಿಕೆ. 2009ರಲ್ಲಿ ಅವರು ಸ್ಕೈಹುಕ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಲಾಸ್ ಏಂಜಲೀಸಿನ ಸರಕಾರಿ ಶಾಲೆಗಳ ಮಕ್ಕಳನ್ನು ಅದು ನಗರದ ಹೊರಗಿನ ಏಂಜಲೀಸ್ ರಾಷ್ಟ್ರೀಯ ಅರಣ್ಯದಲ್ಲಿರುವ ಶಿಬಿರಕ್ಕೆ ಕೆಲವು ದಿನಗಳ ಮಟ್ಟಿಗೆ ಉಚಿತವಾಗಿ ಕರೆದೊಯ್ಯುತ್ತದೆ. ಅಲ್ಲಿ ಅವರು ಕಲಿಯುವುದು ವಿಜ್ಞಾನ ಮತ್ತು ಗಣಿತ. ಅಲ್ಲಿಗೆ ಹೋಗಲು ಯಾವ ತಂಡದ ಮಾಲಕರ ಒಪ್ಪಿಗೆಯೂ ಬೇಕಿರಲಿಲ್ಲ.